‘ಇಂದಿನದು’ ಎಂಬ ಚೀಟಿ

ತಾಳವಾಡಿಯ ನನ್ನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೆಟ್ಟರೆ ಮೊದಲು ಕೆಡುವುದು ನನ್ನ ತಲೆ. ಆದರೆ ಆ ಮಧ್ಯಾಹ್ನ ರೇಗುವ ಹಾಗಿರಲಿಲ್ಲ. ಪಣಕಹಳ್ಳಿಯಿಂದ ಬಂದ ಹೆಂಗಸೊಬ್ಬರು ಎದುರಿನ ಸ್ಟೂಲಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಕೂಲಿ ಮಾಡುವವರು. ಅವರ ಅಕ್ಕ ತೀರಿಕೊಂಡಿದ್ದರು.

“ನಾಳ ತಿಥಿ ಅಣ್ಣ. ಮುಂದ ಮಡಗಕ ಒಂದು ಪೋಟ ಇಲ್ಲ. ಮೂರ್ ತಿಂಗ್ಳಾಯ್ತು, ತಾಲೂಕಾಪೀಸ್ಗ ಕೊಡಕ ಅಂತ ನೀವೇ ತಗ್ದಿದ್ರಿ. ಅದೊಂದೇ ಅವಳ್ದು.”

ನಾಲ್ಕು ಗಂಟೆಗೆ ಅವರ ಬಸ್ಸು. ಆಗಲೇ ಮೂರು ದಾಟಿತ್ತು.

ನನ್ನ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರಲಿ ಎಂದು ಸಾಫ್ಟ್‌ವೇರ್ ಅವೆರಡನ್ನೂ ಜೋಡಿ ಮಾಡಿರುತ್ತದೆ. ಬೇಸಿಗೆಯಲ್ಲಿ, ಆ ಫೋಟೋ ತೆಗೆಯುವುದಕ್ಕೂ ಮೊದಲೇ, ಕೇಬಲ್ ಕೈಕೊಟ್ಟು ಒಂದು ಡಿಸ್ಕ್ ಜೋಡಿಯಿಂದ ಕಳಚಿಕೊಂಡಿತ್ತು. ಅದನ್ನು ಬಿಚ್ಚಿ ಬೀರುವಿನಲ್ಲಿಟ್ಟು ಉಳಿದದ್ದರಲ್ಲೇ ದಿನ ದೂಡಿದ್ದೆ. ಅವತ್ತು ಬೆಳಿಗ್ಗೆ ಹೊಸ ಕೇಬಲ್ ಬಂತೆಂದು ಮತ್ತೆ ಸಿಕ್ಕಿಸಿದೆ. ಅಲ್ಲಿಂದ ಶುರುವಾಯಿತು. ಎರಡು ಡಿಸ್ಕೂ ಕಾಣುತ್ತವೆ, ಒಳಗಿನ ಪಾರ್ಟಿಷನ್ ಯಾವುದರಲ್ಲೂ ಕಾಣುವುದಿಲ್ಲ. ಬೀರು ಇದೆ, ಅದರೊಳಗೆ ಖಾನೆಗಳೇ ಇಲ್ಲ ಎಂದಂತೆ.

ಹೆದರಿದೆ. ಎರಡು ಸಲ ನಿಲ್ಲಿಸಿ ಹಚ್ಚಿದೆ. ಕೊನೆಗೆ ಗೊತ್ತಾಯಿತು, ಸಾಫ್ಟ್‌ವೇರ್ ಅರ್ಧಂಬರ್ಧ ಜೋಡಿ ಕಟ್ಟಿ ಎರಡನ್ನೂ ಹಿಡಿದುಕೊಂಡು ಕೂತಿದೆ. ಅದನ್ನು ಬಿಡಿಸಿ, ಡಿಸ್ಕುಗಳನ್ನು ಮತ್ತೆ ಓದಿಸಿದಾಗ ಪಾರ್ಟಿಷನ್‌ಗಳು ಬಂದವು. ಆದರೆ ಎರಡಕ್ಕೂ ತಾಳೆಯಾಗಲಿಲ್ಲ. ಸಾಫ್ಟ್‌ವೇರ್ ಯಾವುದನ್ನು ನಂಬಬೇಕು ಎಂಬುದನ್ನು ನಾನೇ ಹೇಳಬೇಕಿತ್ತು. ನಂಬಿದ್ದು ಉಳಿಯುತ್ತದೆ, ಇನ್ನೊಂದು ಅಳಿಸಿಹೋಗಿ ಅದರ ನಕಲಾಗುತ್ತದೆ.

ನೋಡುವುದಕ್ಕೆ ಎರಡೂ ಒಂದೇ, ಬೆಳಿಗ್ಗೆಯಿಂದ ಗಾಬರಿಯಲ್ಲಿ ಕಿತ್ತು ಸಿಕ್ಕಿಸಿ ಬೀರುವಿನದು ಯಾವುದೆಂಬುದೇ ತಪ್ಪಿಹೋಗಿತ್ತು. ಒಂದರ ಮೇಲೆ ಮಾತ್ರ ನನ್ನ ಹೆಂಡತಿಯ ಅಕ್ಷರದ ಚೀಟಿ: ‘ಇಂದಿನದು’. ಇಂದಿನದು ಅಂದರೆ ಈಗಿನದು, ಇನ್ನೇನು ಬೇಕು? ಅದನ್ನೇ ನಂಬುವಂತೆ ಟೈಪ್ ಮಾಡಿದೆ. ಎಂಟರ್ ಒತ್ತುವುದೊಂದು ಬಾಕಿ.

“ಬಿಸ್ಲು ಮೊಕಕ್ಕ ಒಡೀತದ ಅಣ್ಣ, ವಸಿ ಇಂದಕ್ಕ ಕುಂತ್ಕತೀನಿ,” ಎಂದು ಆಕೆ ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡರು.

ಇಂದಕ್ಕ. ನನ್ನ ಬೆರಳು ಹಾಗೇ ನಿಂತಿತು. ನಮ್ಮ ಕಡೆ ಯಾರ ಬಾಯಲ್ಲೂ ಹಕಾರವಿಲ್ಲ, ನನ್ನ ಬಾಯಲ್ಲೂ ಇಲ್ಲ. ತಾಳವಾಡಿ ತಮಿಳುನಾಡಿಗೆ ಸೇರಿದ್ದು, ಹೆಂಡತಿ ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡವನ್ನು ಕಿವಿಗೆ ಬಿದ್ದ ಹಾಗೆ ಬರೆಯುತ್ತಾಳೆ. ಫೋನ್ ಮಾಡಿದೆ.

“ಆ ಡಿಸ್ಕ್ ಬಿಚ್ಚದಾಗ ಚೀಟಿ ಬರಿ ಅಂದ್ನಲ್ಲ, ನಾ ಏನಂತ ಏಳ್ದಿ?”

“ಇಂದಿನದು ಅಂದ್ರಿ. ನಾ ಅದ್ನೇ ಬರ್ದಿ. ಯಾಕ, ತಪ್ಪಾ?”

ನಾನು ಹೇಳಿದ್ದು ಹಿಂದಿನದು. ಬೇಸಿಗೆಯಲ್ಲಿ ಬಿಚ್ಚಿಟ್ಟದ್ದು.

“ತಪ್ಪು ನಿಂದಲ್ಲ ಕಣಮ್ಮಿ, ನನ್ನ ಬಾಯ್ದು.”

ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರ ಅಳಿಸಿದೆ. ತನ್ನಲ್ಲಿರುವುದು ಎಷ್ಟು ಸಲ ಬದಲಾಯಿತು ಎಂಬ ಎಣಿಕೆಯನ್ನು ಪ್ರತಿ ಡಿಸ್ಕೂ ಇಟ್ಟುಕೊಂಡಿರುತ್ತದೆ. ಮೊದಲೇ ನೋಡಬೇಕಿತ್ತು, ಆತುರಗೇಡಿ ನಾನು. ಚೀಟಿಯಿಲ್ಲದ ಡಿಸ್ಕಿನ ಎಣಿಕೆಯೇ ದೊಡ್ಡದಿತ್ತು, ಅಂದರೆ ಈಗಿನದು ಅದೇ. ಚೀಟಿಯದನ್ನು ಕಿತ್ತು ದೂರ ಇಟ್ಟು, ಇದೊಂದನ್ನೇ ಎಬ್ಬಿಸಿದೆ. ಫೋಟೋ ತೆರೆದುಕೊಂಡಿತು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಉಸಿರು ಬಿಗಿ ಹಿಡಿದು ಕೂತಿದ್ದ ಹೆಂಗಸು.

“ಇವ್ಳೇ,” ಎಂದರು ತಂಗಿ. ನಾನು ಪ್ರಿಂಟಿಗೆ ಹಾಕಿದೆ.

ಪ್ರಿಂಟ್ ಕೈಗೆ ಕೊಟ್ಟಾಗ ಕೇಳಿದರು, “ಇದು ಆ ಡಬ್ಬದೊಳ್ಗ ಯಾವಾಗ್ಲೂ ಇರ್ತದಲ್ಲ ಅಣ್ಣ?”

ಬೇರೆ ದಿನವಾಗಿದ್ದರೆ, ಎರಡೆರಡು ಡಿಸ್ಕಿನಲ್ಲಿರುತ್ತದೆ ಎಂದು ಜಂಬ ಕೊಚ್ಚುತ್ತಿದ್ದೆ. ಅವತ್ತು ಇನ್ನೊಂದು ಪ್ರಿಂಟ್ ತೆಗೆದು ಚಾಚಿದೆ.

“ಎರಡ್ಯಾಕಣ್ಣ? ನನ್ಗಿದ್ದದ್ದು ಒಬ್ಳೇ ಅಕ್ಕ.”

ಒಂದನ್ನು ಸೆರಗಿನೊಳಗೆ ಇಟ್ಟುಕೊಂಡು ಬಸ್ಸಿಗೆ ಓಡಿದರು. ಇನ್ನೊಂದು ನನ್ನ ಬೀರುವಿನಲ್ಲೇ ಇದೆ, ಆಕೆ ಎಂದಾದರೂ ಕೇಳಿಕೊಂಡು ಬಂದರೆ ಕೊಡುವುದಕ್ಕೆ.