ದೋಣಿ ಬಡಿದು ನೋಡುವ ಚಿಕ್ಕಹನುಮಕ್ಕ

ಬೆಳಗಿನ ಆರು ಗಂಟೆ. ಶಿರಾ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಚಿಕ್ಕಹನುಮಕ್ಕ ಬೋರಲು ಹಾಕಿದ ದೋಣಿಯನ್ನು ಎರಡು ರೂಪಾಯಿ ನಾಣ್ಯದಿಂದ ಟಣ್ ಟಣ್ ಎಂದು ಬಡಿಯುತ್ತಿದ್ದಾರೆ. ಪಕ್ಕದಲ್ಲಿ ಹೊಸದಾಗಿ ಸೇರಿದ ಶ್ರೀಲತಾ ಕಿವಿಯೊಡ್ಡಿ ನಿಂತಿದ್ದಾಳೆ. ಏಳಕ್ಕೆ ದೋಣಿ ಉಜ್ಜುವ ಗ್ರೈಂಡಿಂಗ್ ಮಷೀನು ಶುರು, ಆಮೇಲೆ ಬಡಿತ ಕೇಳಿಸದು. ಅಷ್ಟರೊಳಗೆ ಮೂರು ದೋಣಿ ಮುಗಿಯಬೇಕು, ಒಂದೊಂದಕ್ಕೆ ಕಮ್ಮಿಯೆಂದರೂ ಐನೂರು ಬಡಿತ.

ಶಿರಾದಲ್ಲಿ ದೋಣಿಯೇ ಎಂದು ನಗಬೇಡಿ, ನಾನೂ ನಕ್ಕು ಪೆಚ್ಚಾದವಳೇ. ಫೈಬರ್ ಹಾಳೆಗೆ ಅಂಟು ಬಳಿದು ಪದರ ಪದರವಾಗಿ ಕಟ್ಟುವ ಈ ಇಬ್ಬರು ಕೂರುವ ಮೋಜಿನ ದೋಣಿಗಳು ಚೆನ್ನೈ ಬಂದರಿನಿಂದ ದುಬೈಗೆ, ಮಾಲ್ಡೀವ್ಸ್ ರೆಸಾರ್ಟುಗಳಿಗೆ ಹೋಗುತ್ತವೆ. ಪದರದ ನಡುವೆ ಗಾಳಿ ಉಳಿದರೆ ಮುಂದೆ ಅಲ್ಲೇ ಬಿರುಕು. ಅದು ಕಣ್ಣಿಗೆ ಕಾಣದು, ಸದ್ದಿನಲ್ಲೇ ಹಿಡಿಯಬೇಕು.

ಐ.ಡಿ.ಹಳ್ಳಿಯ ಚಿಕ್ಕಹನುಮಕ್ಕ ಒಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಕಸ ಗುಡಿಸಲು. "ಸಂತೇಲಿ ಮಡಕೆ ತಗಳೋಕ್ ಮುಂಚೆ ತಟ್ಟಿ ನೋಡಾಕಿಲ್ವೇನಮ್ಮ? ಅಂಗೇ ಒಂದಿನ ಸುಮ್ಕೆ ತಟ್ಟಿದೆ. ಬದ್ ಅಂತು. ಅಣ್ಣಾ, ಇದು ಸರಿಯಿಲ್ಲ ಅಂದ್ಬುಟ್ಟೆ." ಮಾಲೀಕ ಮಲ್ಲೇಶ್ ಕೊಯ್ದು ನೋಡಿದರೆ, ಅಬ್ಬಾ, ಅಂಗೈಯಗಲ ಟೊಳ್ಳು! ಅಂದಿನಿಂದ ಈ ಅಕ್ಕ ಸೀಮೆಸುಣ್ಣದ ಗುರುತು ಹಾಕದೆ ಒಂದು ದೋಣಿಯೂ ಲಾರಿ ಹತ್ತಿಲ್ಲ.

ಆದರೆ ಅದೇ ಶೆಡ್ಡಿನ ಗ್ರೈಂಡಿಂಗ್ ಸದ್ದು ಅವರ ಬಲಗಿವಿಯನ್ನು ತಿಂದುಹಾಕಿದೆ. ಎಡಗಿವಿಯೂ ಮಂದ. ಹೋದ ಕಿವಿ ವಾಪಸ್ ಬರಲ್ಲ ಎಂದರಂತೆ ತುಮಕೂರಿನ ಡಾಕ್ಟರು. ಎರಡು ವರ್ಷ ಅಕ್ಕ ಅದನ್ನು ಯಾರಿಗೂ ಹೇಳಲಿಲ್ಲ. "ಹೇಳುದ್ರೆ ಮತ್ತೆ ಪೊರಕೇನೇ ಗತಿ. ಅಂದಾಜಲ್ಲೇ ಗುರುತು ಹಾಕ್ತಾ ಬಂದೆ," ಎನ್ನುತ್ತಾ ತಲೆ ತಗ್ಗಿಸುತ್ತಾರೆ.

ಕಳೆದ ತಿಂಗಳು ಹತ್ತು ದೋಣಿ ಲಾರಿಗೆ ಏರಿದ್ದವು. ಲೋಡ್ ಮಾಡುತ್ತಿದ್ದ ಬೈರಪ್ಪ ಒಂದಕ್ಕೆ ಗುದ್ದಿ, "ಇದ್ಯಾಕಕ್ಕಾ, ಮೆತ್ತಗೆ ಸದ್ದು ಮಾಡ್ತೈತೆ?" ಎಂದು ಕೂಗಿ ಕೇಳಿದ. ಚಿಕ್ಕಹನುಮಕ್ಕನಿಗೆ ಆತನ ಮಾತು ಕೇಳಿಸಿತು, ದೋಣಿಯ ಸದ್ದು ಕೇಳಿಸಲಿಲ್ಲ. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿಯಾಗಿತ್ತು. ಅಕ್ಕ ಲಾರಿಗೆ ಅಡ್ಡ ನಿಂತುಬಿಟ್ಟರು. "ಎಲ್ಲಾ ಇಳಿಸ್ರಪ್ಪಾ, ನಂಗೆ ಕಿವಿ ಕೇಳಾಕಿಲ್ಲ."

ಹತ್ತರಲ್ಲಿ ಎರಡು ಟೊಳ್ಳಾಗಿದ್ದವು. ಮಲ್ಲೇಶ್ ಬೈಯಲಿಲ್ಲ. ಆದರೆ ಶ್ರೀಲತಾಳನ್ನು ಕರೆಸಿದರು. ಈ ತಿಂಗಳು ಚಿಕ್ಕಹನುಮಕ್ಕ ಬಡಿದು ಕಲಿಸಬೇಕು, ಬರುವ ಒಂದನೇ ತಾರೀಖಿನಿಂದ ಮತ್ತೆ ಪೊರಕೆ. ಕಿವಿ ತಿಂದ ಮಷೀನು ಮಾತ್ರ ತನ್ನ ಜಾಗದಲ್ಲೇ ಇದೆ. ನನಗಂತೂ ಸಿಟ್ಟು ಬಂತು.

ಅವರಿಗೆ ಸಿಟ್ಟಿಲ್ಲ, ಭಯ. "ಪೊರಕೆ ಹಿಡಿಯೋದು ಬುಡಮ್ಮ, ಹೊಸದೇನಲ್ಲ. ಆ ಎರಡು ವರ್ಸ ಕಳ್ಸಿದ್ವಲ್ಲ ದೋಣಿ, ಅವು ಹೆಂಗವೋ? ಮಾಡಿದ್ದುಣ್ಣೋ ಮಾರಾಯ ಅಂತಾರೆ. ನಾನ್ ಮಾಡಿದ್ದ ಇನ್ಯಾರೋ ಉಣ್ಣಂಗಾದ್ರೆ?"

ಆ ದೋಣಿಗಳು ಹೋದ ಕಡೆಗೆಲ್ಲ, ತಟ್ಟಿ ನೋಡಿ ಎಂದು ಕಾಗದ ಬರೆಸಿದ್ದಾರೆ ಮಲ್ಲೇಶ್. ಉತ್ತರ ಬಂದಿಲ್ಲ. ನಿಮಗೇನಾಗಬೇಕು ಅಕ್ಕಾ ಎಂದು ಅವರ ಎಡಗಿವಿಯ ಹತ್ತಿರ ಜೋರಾಗಿ ಕೇಳುತ್ತೇನೆ.

"ಅಲ್ಲಿಂದ ಒಂದು ಫೋನ್ ಬರ್ಲಿ, ಎಲ್ಲಾ ತೇಲ್ತಾವೆ ಅಂತ. ನಂಗೇನೂ ಕೇಳುಸ್ಬೇಕಾಗಿಲ್ಲ ಕಣಮ್ಮ. ಮಲ್ಲೇಶಣ್ಣ ನನ್ ಕಡೆ ತಿರುಗಿ ತಲೆ ಆಡ್ಸುದ್ರೆ ಸಾಕು."