ವಾರಗಿತ್ತಿಗೆ ಸಿಕ್ಕ ಸೀಟು

ಅರಸೀಕೆರೆಯ ಹೊರಗೆ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಯೊಂದರ ಗೋದಾಮಿನಲ್ಲಿ ನಾನೂ ನನ್ನ ವಾರಗಿತ್ತಿಯೂ ಕೆಲಸಕ್ಕಿದ್ದೆವು. ಅವಳು ನನ್ನ ಮೈದುನನ ಹೆಂಡತಿ, ಹುಲಿಕೆರೆ ಕಡೆಯವಳು. ಅವಳನ್ನು ಕೆಲಸಕ್ಕೆ ಸೇರಿಸಿದವಳೂ ನಾನೇ. ಬಾಣಾವರದಿಂದ ಒಂದೇ ಬಸ್ಸಿಗೆ ಬರುತ್ತಿದ್ದೆವು, ಒಂದೇ ಬುತ್ತಿ ಬಿಚ್ಚುತ್ತಿದ್ದೆವು.

ಚೀಲಗಳ ಭಾರ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಿದ್ದವರು ಕೆಲಸ ಬಿಟ್ಟಾಗ ಹೆಂಗಸರಲ್ಲೇ ಒಬ್ಬರಿಗೆ ಕಲಿಸುವುದೆಂದು ತೀರ್ಮಾನವಾಯಿತು. ಆರು ವರ್ಷ ಆ ಗಾಡಿಯ ಮುಂದೆ ಚೀಲ ಜೋಡಿಸಿದವಳು ನಾನು. ಸೀಟು ನನಗೇ ಎಂದುಕೊಂಡಿದ್ದೆ. ಸೂಪರ್‌ವೈಸರ್ ಇಬ್ಬರಿಂದಲೂ ಖಾಲಿ ಅಂಗಳದಲ್ಲಿ ಓಡಿಸಿ ನೋಡಿದರು. ಆ ಗಾಡಿಯಲ್ಲಿ ತಿರುಗುವುದು ಹಿಂದಿನ ಚಕ್ರ. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಹಿಂಭಾಗ ಬೀಸಿಕೊಂಡು ಹೋಗುತ್ತದೆ. ನಾನು ಆತುರಪಟ್ಟು ಕಂಬಕ್ಕೆ ತಾಗಿಸಿದೆ. ಸ್ಕೂಟರನ್ನೂ ಓಡಿಸದ ಅವಳು ಎಮ್ಮೆ ಹೊಡೆದುಕೊಂಡು ಬರುವಷ್ಟು ನಿಧಾನಕ್ಕೆ ಒಂದು ಸುತ್ತು ಬಂದಳು. ಸೀಟು ಅವಳ ಪಾಲಾಯಿತು.

ಮನೆಯಲ್ಲಿ ಅತ್ತೆ ಪಕ್ಕದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಮ್ ಚಿಕ್ಕೋಳು ಟನ್‌ಗಟ್ಲೆ ಎತ್ತಿ ಇಕ್ತಾಳೆ ಕಣವ್ವ." ನಾನು ಆರು ವರ್ಷ ತೋಳು ನೋಯಿಸಿಕೊಂಡದ್ದನ್ನು ಅವರು ಒಬ್ಬರಿಗೂ ಹೇಳಿದವರಲ್ಲ. ಬಸ್ಸಿನಲ್ಲಿ ನಾನು ಬೇರೆ ಸೀಟು ಹುಡುಕತೊಡಗಿದೆ. ಅವಳು ಒಮ್ಮೆಯಾದರೂ ಎಲ್ಲರೆದುರು ಎಡವಬೇಕು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಗೋದಾಮಿನ ಇಳಿಜಾರಿನ ಕೆಳಗೆ ಲಾರಿ ಕಾಯುತ್ತಿತ್ತು. ಪ್ಯಾಲೆಟ್ ಅನ್ನುವ ಮರದ ಹಲಗೆಯ ಮಣೆ ಮೇಲೆ ಚೀಲಗಳನ್ನು ಒಂದು ಸಾಲು ಅಡ್ಡ, ಅದರ ಮೇಲಿನದು ಉದ್ದ, ಹೀಗೆ ಒಂದನ್ನೊಂದು ಹಿಡಿದುಕೊಳ್ಳುವಂತೆ ಜೋಡಿಸಬೇಕು. ನಾನು ಎಲ್ಲ ಸಾಲನ್ನೂ ಉದ್ದಕ್ಕೇ ಪೇರಿಸಿದೆ. ಎಡಕ್ಕೆ ಎರಡು ಚೀಲ ಹೆಚ್ಚಿಗೆ ಬಿದ್ದದ್ದು ಗೊತ್ತಿತ್ತು. ತೆಗೆಯಲಿಲ್ಲ.

ಅವಳು ಗಾಡಿಯ ಮುಂದಿನ ಕಬ್ಬಿಣದ ಫೋರ್ಕನ್ನು ಪ್ಯಾಲೆಟ್ ಅಡಿಗೆ ತೂರಿಸಿ, ಗೇಣುದ್ದ ಎತ್ತಿ, ಅಲ್ಲೇ ನಿಲ್ಲಿಸಿದಳು. ಚೀಲಗಳು ಎಡಕ್ಕೆ ವಾಲಿದವು.

"ಏನೂ ಆಗಲ್ಲ, ತಗಂಬಾರಮ್ಮ!" ಎಂದು ಲಾರಿ ಡ್ರೈವರ್ ಕೂಗಿದ.

"ಇಲ್ಲ ಕಣಣ್ಣ, ಭಾರ ಒಂದ್ಕಡೀಕೆ ಬಿದ್ದೈತೆ. ಇಳಿಜಾರಲ್ಲಿ ಮಗುಚ್ತದೆ" ಎಂದು ಅವಳು ಭಾರವನ್ನು ನೆಲಕ್ಕಿಳಿಸಿದಳು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಕ್ಕ, ನಿನ್ ಕೈ ಯಾವತ್ತೂ ಹಿಂಗ್ ತಪ್ಪಿದ್ದಲ್ಲ. ಮೈಯಾಗೆ ಹುಷಾರಿಲ್ವಾ?"

ಇಬ್ಬರೂ ಸೇರಿ ಎಲ್ಲ ಇಳಿಸಿ ಮತ್ತೆ ಜೋಡಿಸಿದೆವು. ತಡವಾದದ್ದಕ್ಕೆ ಸೂಪರ್‌ವೈಸರ್ ಬೈದದ್ದು ಅವಳನ್ನು. ಅವಳು ನನ್ನತ್ತ ಬೆರಳು ತೋರಿಸಲಿಲ್ಲ. ನನಗೆ ನಾಚಿಕೆಯಾಯಿತು, ನಿಜ. ಆದರೆ ಹೊಟ್ಟೆಕಿಚ್ಚು ಇನ್ನೂ ಜೋರಾಯಿತು. ಕೆಲಸದಲ್ಲಿ ಗೆದ್ದದ್ದು ಸಾಲದೆ ಗುಣದಲ್ಲೂ ಗೆದ್ದಳಲ್ಲ!

ಸಂಜೆ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ತಡೆಯಲಾಗದೆ ಹೇಳಿಬಿಟ್ಟೆ: "ಬೇಕಂತಲೇ ಹಂಗ್ ಪೇರಿಸ್ದೆ ಕಣೇ."

ಅವಳು ಬುತ್ತಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯತ್ತ ಹೊರಳಿದಳು. ಬಾಣಾವರದಲ್ಲಿ ಇಳಿಯುವಾಗ, "ಪಕ್ಕದಲ್ಲಿ ಯಾರಾದ್ರೂ ನಿಂತಿದ್ದಿದ್ರೆ ಏನಕ್ಕ ಗತಿ?" ಎಂದಳು. ಮೂರು ದಿನ ಅವಳು ಬುತ್ತಿಯನ್ನು ಬೇರೆ ಕೂತು ಬಿಚ್ಚಿದಳು.

ನಾಲ್ಕನೆಯ ದಿನ, "ಭಾರ ವಾಲಿದ್ರೆ ಹೆಂಗಿರ್ತದೆ ಅಂತ ಇಲ್ಲಿ ಕೂತ್ರೇ ತಿಳಿಯೋದು ಅಕ್ಕ" ಎಂದು ಅವಳೇ ಸೂಪರ್‌ವೈಸರನ್ನು ಕೇಳಿ ನನ್ನನ್ನು ಸೀಟಿಗೆ ಹತ್ತಿಸಿದಳು. "ಬೆಲ್ಟ್ ಹಾಕ್ಕೊ. ಎತ್ತರಕ್ಕೆ ಎತ್ಕೊಂಡು ಓಡಿಸ್ಬೇಡ. ಇಳಿಜಾರಲ್ಲಿ ಭಾರ ಏರಿನ ಕಡೀಕಿರ್ಲಿ, ನೀನು ಹಿಂದ್‌ಹಿಂದಕ್ಕೆ ಇಳಿ." ಅವಳು ದೂರದಲ್ಲಿ ನಿಂತು ಕೈ ತೋರಿಸುತ್ತಿದ್ದರೆ, ಅವಳಿಂದ ಕಲಿಯಬೇಕಾಯಿತಲ್ಲ ಎಂದು ನನ್ನ ಕಿವಿ ಉರಿಯುತ್ತಿತ್ತು. ಆದರೂ ಕಲಿತೆ.

ಆಮೇಲೆ ಎರಡನೆಯ ಗಾಡಿ ಬಂತು. ನನಗೂ ತರಬೇತಿ ಕೊಡಿಸಿ ಅದನ್ನು ಒಪ್ಪಿಸಿದರು. ಈಗಲೂ ಇಕ್ಕಟ್ಟಿನ ಜಾಗದಲ್ಲಿ ಭಾರ ಇಡಬೇಕಾದಾಗ ಸೂಪರ್‌ವೈಸರ್ ಕರೆಯುವುದು ಅವಳನ್ನೇ. ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ, ಸುಳ್ಳೇಕೆ ಹೇಳಲಿ. ನನ್ನ ಗಾಡಿಯ ಫೋರ್ಕು ನೆಲಕ್ಕಿಳಿಸಿ, ಬ್ರೇಕ್ ಹಾಕಿ, ಕೀಲಿ ತೆಗೆದುಕೊಂಡು, ಅವಳ ದಾರಿ ಬಿಟ್ಟು ನಿಲ್ಲುತ್ತೇನೆ.