ದಾಕಿನ ಗುರುತು ಮತ್ತು ನನ್ನ ಶೌರ್ಯ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮೈಕು ಕಂಡರೆ ನನಗೆ ಜ್ಞಾಪಕಶಕ್ತಿ ಹೆಚ್ಚಾಗುತ್ತದೆ. ಮನೆಯಲ್ಲಿ ಕನ್ನಡಕ ಎಲ್ಲಿಟ್ಟಿರಿ ಎಂದು ಹೆಂಡತಿ ಕೇಳಿದರೆ ತಡವರಿಸುವ ನಾನು, ಎದುರಿಗೆ ನಲವತ್ತು ಕುರ್ಚಿ ಹಾಕಿ ಮೇಲೊಂದು ಶಾಮಿಯಾನ ಕಟ್ಟಿಬಿಟ್ಟರೆ, ಐದನೆಯ ವಯಸ್ಸಿನಲ್ಲಿ ತೊಟ್ಟಿದ್ದ ಅಂಗಿಗೆ ಎಷ್ಟು ಗುಂಡಿಗಳಿದ್ದವು, ಅದರಲ್ಲಿ ಯಾವುದು ಕಿತ್ತುಹೋಗಿತ್ತು ಎನ್ನುವುದನ್ನೂ ಹೇಳಬಲ್ಲೆ. ಇಷ್ಟಾಗಿಯೂ ನಾನು ಕಡೂರಿನಲ್ಲಿ ಇತಿಹಾಸ ಪಾಠ ಹೇಳಿಕೊಂಡು ನಿವೃತ್ತನಾದವನು. "ಆಧಾರ ಎಲ್ಲಿದೆ?" ಎಂದು ವಿದ್ಯಾರ್ಥಿಗಳನ್ನು ಕೇಳಿ ಕೇಳಿ ಆ ಪ್ರಶ್ನೆಯೇ ನನ್ನ ಅಡ್ಡಹೆಸರಾಗಿತ್ತು. ನನ್ನನ್ನು ಮಾತ್ರ ಯಾರೂ ಹಾಗೆ ಕೇಳಿರಲಿಲ್ಲ. ಕೊನೆಗೆ ಕೇಳಿದವಳು ಮೂರನೆಯ ಕ್ಲಾಸಿನ ಒಬ್ಬ ಹುಡುಗಿ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಜ್ಜಂಪುರದಲ್ಲಿ ಹಳೆಯ ದವಾಖಾನೆಯೊಂದನ್ನು ಈಗ ವೈದ್ಯಕೀಯ ಇತಿಹಾಸದ ಸಂಗ್ರಹಾಲಯ ಮಾಡಿದ್ದಾರೆ. ಬೋರ್ಡಿನ ಮೇಲೆ ಹೆಸರು ಅಷ್ಟುದ್ದ ಇದ್ದರೂ ಊರಿನವರು ಕರೆಯುವುದು 'ಹಳೇ ಔಷಧಿ ಮನೆ' ಎಂದೇ. ಅದನ್ನು ನೋಡಿಕೊಳ್ಳುವವರು ಕಾಂಪೌಂಡರ್ ರುದ್ರಪ್ಪನವರು. ಮಿಕ್ಸ್ಚರ್ ಕೊಡುತ್ತಿದ್ದ ಕಿಟಕಿಯ ಹಿಂದೆಯೇ ಅವರು ಈಗಲೂ ಕೂರುತ್ತಾರೆ, ಈಗ ಕೊಡುವುದು ಪ್ರವೇಶದ ಚೀಟಿ ಅಷ್ಟೇ. ಒಳಗೆ ಹಿತ್ತಾಳೆಯ ತಕ್ಕಡಿ, ಔಷಧಿ ಅರೆಯುವ ಕಲ್ಲಿನ ಕಲಬತ್ತು, ಕುದಿಸಿ ಕುದಿಸಿ ಮಂಕಾದ ಗಾಜಿನ ಸಿರಿಂಜುಗಳು. ಎನಿಮಾ ಡಬ್ಬವೂ ಒಂದಿದೆ. ಅದೇನೆಂದು ಮಕ್ಕಳು ಕೇಳಿದರೆ ರುದ್ರಪ್ಪನವರು ಮುಖ ಸಡಿಲಿಸದೆ "ಗಿಡಕ್ಕೆ ನೀರು ಹಾಕೋದು ಕಣಪ್ಪ" ಎನ್ನುತ್ತಾರೆ. ತರೀಕೆರೆ ಕಡೆಯಿಂದ ತಂದ ಒಂದು ಹಳೆಯ ಬಾಗಿಲೂ ಇದೆ. ಚಳಿಜ್ವರದ ಕಾಲದಲ್ಲಿ ಸೊಳ್ಳೆಗೆ ಔಷಧಿ ಹೊಡೆದು ಹೋದವರು ಆ ಬಾಗಿಲ ಮೇಲೇ ತಾರೀಕು ಬರೆದು ಹೋಗಿದ್ದಾರೆ. ಕೆಮ್ಮಣ್ಣುಗುಂಡಿಗೆ ಹೊರಟಿದ್ದ ಒಂದು ಕುಟುಂಬ ದಾರಿಯಲ್ಲಿ ಇಲ್ಲಿ ಇಳಿದು ಅರ್ಧ ಗಂಟೆ ಸುತ್ತಾಡಿ, "ಇಲ್ಲಿ ಫಾಲ್ಸ್ ಎಲ್ಲಿದೆ ಸಾರ್?" ಎಂದು ಕೇಳಿತ್ತಂತೆ.

ತಿಂಗಳಿಗೊಂದು ಭಾನುವಾರ ಅಲ್ಲಿ ಮನೆಮಂದಿಯೆಲ್ಲ ಬಂದು ಪಾಲ್ಗೊಳ್ಳುವ ಕಾರ್ಯಕ್ರಮ. ಗೋಧಿಹಿಟ್ಟಿಗೆ ಬೆಲ್ಲ ಕಲಸಿ ಗುಳಿಗೆ ಉರುಳಿಸುವುದು, ಮರದ ಕೊಳವೆಯಿಟ್ಟು ಒಬ್ಬರ ಎದೆಬಡಿತ ಇನ್ನೊಬ್ಬರು ಕೇಳುವುದು, ಬ್ಯಾಂಡೇಜು ಸುತ್ತುವ ಸ್ಪರ್ಧೆ. ಹೋದ ಸಲ ಗಂಡಂದಿರಿಗೆ ಹೆಂಡತಿಯರು ಬ್ಯಾಂಡೇಜು ಸುತ್ತಬೇಕಿತ್ತು. ಎಲ್ಲಿಗೆ ಸುತ್ತಬೇಕೆಂದು ಹೇಳಲು ಮರೆತಿದ್ದರು. ಹತ್ತರಲ್ಲಿ ಏಳು ಹೆಂಗಸರು ಗಂಡನ ಬಾಯಿಗೇ ಸುತ್ತಿದರು.

ನನಗೆ ಇಷ್ಟವಾದ ಆಟ ಬಾಟ್ಲಿಯದು. ಹಿಂದೆ ದವಾಖಾನೆಗೆ ಹೋಗುವವರು ಬಾಟ್ಲಿಯನ್ನು ಮನೆಯಿಂದಲೇ ಒಯ್ಯಬೇಕಿತ್ತು. ಕಾಂಪೌಂಡರು ಅದಕ್ಕೆ ಕೆಂಪು ನೀರು ತುಂಬಿ, ಹೊರಗೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪಟ್ಟಿಯ ಅಂಚಿನಲ್ಲಿ ಕತ್ತರಿಯಿಂದ ಕಚ್ಚು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಓದು ಬರದವರಿಗೂ ಅರ್ಥವಾಗುವ ಲಿಪಿ ಅದು. ಈಗ ಮಕ್ಕಳು ಶರಬತ್ತು ತುಂಬಿದ ಬಾಟ್ಲಿಗೆ ಪಟ್ಟಿ ಕತ್ತರಿಸಿ ಅಂಟಿಸುತ್ತಾರೆ, ಮೊದಲ ಕಚ್ಚಿಗೇ ಪೂರ್ತಿ ಕುಡಿದು ಮುಗಿಸುತ್ತಾರೆ. ಇದನ್ನೆಲ್ಲ ನೋಡುತ್ತಿದ್ದ ಒಬ್ಬ ಅಜ್ಜಿ ಕಿಟಕಿಯ ಬಳಿ ಬಂದು, "ಮಂಡಿನೋವಿಗೆ ಏನಾದ್ರೂ ಕೊಡಿ ಕಾಂಪೌಂಡ್ರೇ" ಎಂದಳು.

"ಇದು ಆಸ್ಪತ್ರೆ ಅಲ್ಲ ಕಣಜ್ಜಿ, ಮ್ಯೂಸಿಯಂ."

"ಮತ್ತೆ ನೀವ್ಯಾಕೆ ಕೂತಿದೀರಿ ಇಲ್ಲಿ?"

ರುದ್ರಪ್ಪನವರು ಅವಳಿಗೆ ನಾಲ್ಕು ಬೆಲ್ಲದ ಗುಳಿಗೆ ಕಟ್ಟಿಕೊಟ್ಟರಂತೆ. ಮುಂದಿನ ತಿಂಗಳು ಅಜ್ಜಿ ಬಂದು, "ವಾಸಿ ಕಣಪ್ಪ, ಇನ್ನೊಂದು ನಾಕು ಕೊಡು" ಎಂದಳು. ಚರಿತ್ರೆಯಿಂದ ಉಪಯೋಗವೇನು ಎಂದು ಕೇಳುವವರಿಗೆ ನಾನು ಈಚೆಗೆ ಈ ಅಜ್ಜಿಯನ್ನೇ ಉದಾಹರಣೆ ಕೊಡುತ್ತೇನೆ.

ಈ ಸಲದ ಭಾನುವಾರಕ್ಕೆ ರುದ್ರಪ್ಪನವರು ಹೊಸದೊಂದು ಯೋಚನೆ ಮಾಡಿದ್ದರು. ಸಿಡುಬು ಬಾರದಂತೆ ಹಳ್ಳಿಹಳ್ಳಿಗೆ ಬಂದು ದಾಕು ಹಾಕುತ್ತಿದ್ದ ಕಾಲದವರು ಇನ್ನೂ ನಮ್ಮ ನಡುವೆ ಇದ್ದಾರಲ್ಲ. ಅವರ ತೋಳಿನ ಮೇಲಿನ ದುಂಡು ಗುರುತಿಗೆ ಮೊಮ್ಮಕ್ಕಳು ತೆಳುಕಾಗದ ಇಟ್ಟು, ಸುತ್ತ ಪೆನ್ಸಿಲ್ ಎಳೆದು, ಕೆಳಗೆ ಹೆಸರು ಬರೆದು ಗೋಡೆಗೆ ಅಂಟಿಸಬೇಕು. ಅದಕ್ಕೆ ಮೊದಲು ದಾಕಿನ ನೆನಪು ಹೇಳುವ ಒಬ್ಬ ಭಾಷಣಕಾರ ಬೇಕು. "ಮೇಷ್ಟ್ರೇ, ನಿಮ್ಮ ವಾಡೆ ಕತೆ ಹೇಳ್ಬಿಡಿ ಸಾಕು" ಎಂದು ಫೋನು ಮಾಡಿದರು.

ವಾಡೆ ಕತೆ ನಮ್ಮ ಬಳಗದಲ್ಲಿ ಪ್ರಸಿದ್ಧ. ನಮ್ಮೂರಿಗೆ ದಾಕಿನವನು ಬಂದಾಗ ನನಗೆ ಐದು, ಗಂಗಕ್ಕನಿಗೆ ಏಳು. ಅವನ ಕೈಯಲ್ಲಿ ಹಿಡಿಕೆಯೊಂದರ ತುದಿಗೆ ಸಣ್ಣ ಹಲ್ಲುಗಳ ಬಿಲ್ಲೆ. ಅದನ್ನು ತೋಳಿನ ಮೇಲಿಟ್ಟು ತಿರುಪಿದರೆ ಊರಿಗೂರೇ ಕೇಳುವ ಹಾಗೆ ಮಕ್ಕಳು ಕಿರುಚುತ್ತಿದ್ದವು. ನಾನು ಎಲ್ಲರಿಗಿಂತ ಮುಂದೆ ನಿಂತು, ಕಣ್ಣು ಪಿಳುಕಿಸದೆ, ಎಡತೋಳು ಚಾಚಿದೆ. ಅಕ್ಕ ಮಾತ್ರ ಹೆದರಿ, ಒಳಗಿನ ಕತ್ತಲೆಕೋಣೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇಳಿದು ಕೂತಳು. ಎರಡು ಗಂಟೆ ಕಳೆದು ಅಲ್ಲಿಂದ ಸೀನು ಕೇಳಿಸಿದ ಮೇಲೆ ಅವಳನ್ನು ಎತ್ತಿ ತೆಗೆದರು. ಇದು ಕತೆ. ನಲವತ್ತು ವರ್ಷಗಳಿಂದ ಹೇಳುತ್ತಿದ್ದೇನೆ. ಅಕ್ಕನಿಗೆ ಬಂಧುಗಳಲ್ಲಿ 'ವಾಡೆ ಗಂಗಕ್ಕ' ಎಂದು ಹೆಸರು ಬಂದಿರುವುದು, ಅವಳ ಮೊಮ್ಮಗಳು ಸಿಂಚನಾ ಕೂಡ ಜಗಳ ಬಂದಾಗ "ಹೋಗೇ ವಾಡೆ ಅಜ್ಜಿ" ಎನ್ನುವುದು ಈ ಕತೆಯ ಪ್ರತಾಪ. ಅಕ್ಕ ಎಂದೂ ಇಲ್ಲ ಎಂದಿಲ್ಲ. "ಹೂಂ ಕಣೋ, ನೀನು ಭಾರಿ ಧೈರ್ಯಸ್ಥ" ಎಂದು ನಗುತ್ತಾಳೆ, ಅಷ್ಟೆ.

ಭಾಷಣಕ್ಕೆ ಒಂದೆರಡು ವಿವರ ಸಿಕ್ಕಲಿ ಎಂದು ಹಳೆಯ ದಿನಚರಿಗಳನ್ನು ಅಟ್ಟದಿಂದ ಇಳಿಸಿದೆ. ದಿನಚರಿ ಸುಳ್ಳು ಹೇಳುವುದಿಲ್ಲ ಎನ್ನುವುದು ದಿನಚರಿ ಬರೆಯದವರ ನಂಬಿಕೆ. ಬರೆಯುವ ನಮಗೆ ಗೊತ್ತು, ಅದಕ್ಕೂ ಮಾಲೀಕನ ಮೇಲೆ ದಾಕ್ಷಿಣ್ಯವಿರುತ್ತದೆ. ಆದರೆ ಮೈಸೂರಿನಲ್ಲಿ ಎಂ.ಎ. ಓದುವಾಗಿನ ಪುಸ್ತಕದಲ್ಲಿ ಮಾಲೀಕನ ಮುಲಾಜಿಲ್ಲದ ನಾಲ್ಕು ಸಾಲುಗಳಿದ್ದವು: "ಅಕ್ಕ ಬಂದಿದ್ದಳು. ದಾಕಿನವನು ಬಂದಾಗ ನಾನು ವಾಡೆಯಲ್ಲಿ ಅವಿತುಕೊಂಡಿದ್ದೆ ಎಂದು ಅಕ್ಕ ಹೇಳಿದಳು. ನನಗೇನೂ ನೆನಪಿಲ್ಲ. ಇಬ್ಬರೂ ತುಂಬ ನಕ್ಕೆವು."

ಅವಿತದ್ದು ನಾನು!

ಮುಂದಿನ ಪುಸ್ತಕಗಳನ್ನು ತಿರುವಿದೆ. ಆರು ವರ್ಷದ ನಂತರ: "ಗೆಳೆಯರಿಗೆ ವಾಡೆಯ ಕತೆ ಹೇಳಿದೆ, ಬಿದ್ದು ಬಿದ್ದು ನಕ್ಕರು." ಯಾರು ಅವಿತದ್ದು ಎನ್ನುವ ವಿಷಯವೇ ಇಲ್ಲ. ಇನ್ನೂ ಕೆಲವು ವರ್ಷ ದಾಟಿದರೆ, ಇಂಜೆಕ್ಷನ್ನಿಗೆ ರಚ್ಚೆ ಹಿಡಿದಿದ್ದ ನನ್ನ ಮಗಳಿಗೆ ಹೇಳಿದ ಮಾತು: "ನಿನ್ನ ಹಾಗೇ ನಿಮ್ಮತ್ತೆ ವಾಡೆಯಲ್ಲಿ ಅವಿತಳು. ನಾನು ಮಾತ್ರ ಮುಂದೆ ನಿಂತೆ ಎಂದೆ. ಮಗು ಕೈ ಚಾಚಿತು." ಹಸ್ತಪ್ರತಿಯನ್ನು ನಕಲು ಮಾಡುವವರು ಹೇಗೆ ಮೂಲವನ್ನು ಮೆಲ್ಲಮೆಲ್ಲನೆ ಕೆಡಿಸುತ್ತಾರೆಂದು ಮೂವತ್ತು ವರ್ಷ ಪಾಠ ಮಾಡಿದ್ದೆ. ಇಷ್ಟು ಒಳ್ಳೆಯ ಉದಾಹರಣೆ ಅಟ್ಟದ ಮೇಲೇ ಇರುವುದು ಗೊತ್ತಿರಲಿಲ್ಲ. ಒಂದು ಮಗುವಿಗೆ ಧೈರ್ಯ ಹೇಳಲು ಆಡಿದ ಸುಳ್ಳು, ಪರವಾಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಗು ಕೈ ಚಾಚಿದ ಮೇಲೂ ಮೂವತ್ತು ವರ್ಷ ಅದನ್ನೇ ಆಡಿದ್ದೇಕೆ ಎನ್ನುವುದಕ್ಕೆ ಸಮಾಧಾನ ಸಿಗಲಿಲ್ಲ.

ಭಾನುವಾರ ಅಕ್ಕ ಸಿಂಚನಾಳನ್ನು ಕರೆದುಕೊಂಡು ಸಿಂಗಟಗೆರೆಯಿಂದ ಬಸ್ಸಿನಲ್ಲಿ ಕಡೂರಿಗೆ ಬಂದಳು. ಅಲ್ಲಿಂದ ಮೂವರೂ ಅಜ್ಜಂಪುರಕ್ಕೆ ರೈಲು ಹತ್ತಿದೆವು. ದಾರಿಯಲ್ಲೇ ಕೇಳಿಬಿಡಬೇಕೆಂದಿದ್ದೆ. ಅಕ್ಕ ಚಕ್ಕುಲಿ ಬಿಚ್ಚಿದಳು, ಬೀರೂರು ಹೋಯಿತು. ಇನ್ನೇನು ಕೇಳಬೇಕು ಎನ್ನುವಾಗ ಸಿಂಚನಾ "ತಾತ, ಇವತ್ತು ವಾಡೆ ಕತೆ ಹೇಳ್ತೀಯಾ?" ಎಂದಳು. ಅಕ್ಕ ಕಿಟಕಿಯ ಕಡೆ ನೋಡಿಕೊಂಡು, "ಹೇಳ್ತಾನೆ ಬಿಡೇ. ಅದಿಲ್ದೆ ಅವನಿಗೆ ಇನ್ಯಾವ ಕತೆ ಬತ್ತದೆ?" ಎಂದಳು.

ಮೈಕಿನ ಮುಂದೆ ನಿಂತಾಗ ನನ್ನ ಜೇಬಿನಲ್ಲಿ ಆ ನಾಲ್ಕು ಸಾಲಿನ ನಕಲು ಇತ್ತು. ನಿಜ ಹೇಳುವುದೆಂದು ನಿಶ್ಚಯವನ್ನೂ ಮಾಡಿದ್ದೆ. ಎದುರಿಗೆ ಮಕ್ಕಳು, ಅಪ್ಪಂದಿರು, ತಾಯಂದಿರು, ಎರಡನೆಯ ಸಾಲಿನಲ್ಲಿ ಅಕ್ಕ. ದಾಕಿನವನ ಸೈಕಲ್ಲು, ಪೆಟ್ಟಿಗೆ, ಹಲ್ಲಿನ ಬಿಲ್ಲೆಯವರೆಗೆ ಸರಿಯಾಗಿಯೇ ಹೋದೆ. ಆಮೇಲೆ ಜನ ನಗಲು ಶುರು ಮಾಡಿದರು. ನಗುವ ಜನರ ಮುಂದೆ ದಾರಿ ಬದಲಿಸುವ ಶಕ್ತಿ ನನಗಿಲ್ಲ. ಗೊತ್ತಿದ್ದೂ ಗೊತ್ತಿದ್ದೂ, ಅಭ್ಯಾಸವಾದ ಎತ್ತು ಮನೆಯ ಕಡೆ ತಿರುಗಿದ ಹಾಗೆ, ನಾಲಗೆ ತಿರುಗಿಬಿಟ್ಟಿತು. ಮುಂದೆ ನಿಂತೆ ಎಂದೆ. ತೋಳು ಚಾಚಿದೆ ಎಂದೆ. ಅಕ್ಕ ವಾಡೆಯಲ್ಲಿ ಎಂದೆ. ಸೀನು ಎಂದಾಗ ಶಾಮಿಯಾನವೇ ನಕ್ಕಿತು. ಅಕ್ಕನೂ ನಕ್ಕಳು.

ಆಗ ಸಿಂಚನಾ ತೆಳುಕಾಗದ, ಪೆನ್ಸಿಲ್ ಹಿಡಿದು ಎದ್ದು ಬಂದಳು. "ತಾತ, ನಿಂದೇ ಫಸ್ಟ್. ಗುರುತು ತೋರಿಸು."

ಅಂಗಿಯ ತೋಳು ಮಡಿಸಿದೆ. ಎಡತೋಳಿನಲ್ಲಿ ಗುರುತು ಇಲ್ಲವೆನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಮಾಸಿಹೋಗಿದೆ ಎಂದು ನಲವತ್ತು ವರ್ಷದಿಂದ ತಿಳಿದುಕೊಂಡಿದ್ದೆ. ಸಿಂಚನಾ ಬೆರಳಿನಿಂದ ಉಜ್ಜಿ ನೋಡಿದಳು. ಎಂಜಲು ಹಚ್ಚಿ ಉಜ್ಜಿದಳು. ಬಲತೋಳನ್ನೂ ಮಡಿಸಿಸಿದಳು. "ಎಲ್ಲೈತೆ ತಾತ?" ಎಂದಳು. ಮೈಕು ಹತ್ತಿರವೇ ಇದ್ದುದರಿಂದ ಈ ಪ್ರಶ್ನೆ ರಸ್ತೆಯವರೆಗೂ ಕೇಳಿಸಿತು.

ರುದ್ರಪ್ಪನವರು ಕನ್ನಡಕ ಏರಿಸಿ ನೋಡಿ, "ದಾಕಿನ ಗುರುತು ಅಷ್ಟು ಸುಲಭಕ್ಕೆ ಮಾಯಲ್ಲ ಮೇಷ್ಟ್ರೇ" ಎಂದರು. ಅವರ ಧ್ವನಿಯಲ್ಲಿ ಮರ್ಯಾದೆ ಎಷ್ಟಿತ್ತೋ ಅನುಮಾನವೂ ಅಷ್ಟೇ ಇತ್ತು.

ಜೇಬಿನಿಂದ ಚೀಟಿ ತೆಗೆದು ಆ ನಾಲ್ಕು ಸಾಲು ಓದಿದೆ. ಓದುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ, ಆದ್ದರಿಂದ ಇದನ್ನು ನನ್ನ ಪ್ರಾಮಾಣಿಕತೆಯ ಲೆಕ್ಕಕ್ಕೆ ಸೇರಿಸಬೇಡಿ. ವಾಡೆಯಲ್ಲಿ ಅವಿತದ್ದು ನಾನು, ಅಕ್ಕ ಅಲ್ಲ ಎಂದೆ. ಈ ಸಲ ಯಾರೂ ನಗಲಿಲ್ಲ. ಸಿಂಚನಾ ನನ್ನನ್ನೂ ತನ್ನ ಅಜ್ಜಿಯನ್ನೂ ಒಂದು ಸುತ್ತು ನೋಡಿ, "ಹಂಗಾದ್ರೆ ವಾಡೆ ತಾತ ನೀನು!" ಎಂದಳು. ಆಮೇಲೆ ಅಜ್ಜಿಯ ಹತ್ತಿರ ಓಡಿ ಹೋಗಿ ಎಡತೋಳು ಹಿಡಿದುಕೊಂಡಳು. ಅಲ್ಲಿ ಎರಡು ಬಿಲ್ಲೆಯ ಗುರುತು, ಎದ್ದು ಕಾಣುವ ಹಾಗೆ. ಕಾಗದ ಇಟ್ಟು ಎಳೆದು ಹೆಸರು ಬರೆದಳು: ಗಂಗಮ್ಮ.

"ಈ ಕಡೇದೂ ಐತೆ, ನೋಡು" ಎಂದು ಅಕ್ಕ ಬಲತೋಳಿನ ಸೆರಗು ಸರಿಸಿದಳು. ಅಲ್ಲೂ ಎರಡು ಬಿಲ್ಲೆ.

"ಇದೇನಕ್ಕ, ಎರಡು ಕೈಗೂ ಹಾಕಿದ್ರಾ?" ಎಂದರು ರುದ್ರಪ್ಪನವರು.

"ಇವನು ಸಿಕ್ಕಲಿಲ್ವಲ್ಲ. ಆವಯ್ಯ ಪಟ್ಟಿ ನೋಡಿ, ಈ ಮನೇಲಿ ಇನ್ನೊಂದು ಮಗು ಐತೆ, ತಗೊಂಬನ್ನಿ ಅಂತ ಪಟ್ಟು ಹಿಡಿದ. ಅವ್ವ ಹೊಲದಲ್ಲಿದ್ಲು. ಹೇನು ಅಂತ ನಮ್ಮಿಬ್ರಿಗೂ ಅದೇ ವಾರ ತಲೆ ಬೋಳಿಸಿದ್ರು. ಇವನ ಚಡ್ಡಿ, ಅಂಗಿ ಹಾಕ್ಕೊಂಡು ಹಿತ್ತಿಲಿಂದ ಸುತ್ತಿ ಬಂದು ಈ ಕೈ ಕೊಟ್ಟೆ. ಆವಯ್ಯ ಮುಖ ಎಲ್ಲಿ ನೋಡ್ತಾನೆ, ತೋಳು ತಾನೇ ನೋಡೋದು."

"ನನಗೆ ಯಾಕೆ ಹೇಳಲಿಲ್ಲ ಅಕ್ಕ?" ಎಂದೆ. ನನ್ನ ಧ್ವನಿ ಐದು ವರ್ಷದವನದಾಗಿತ್ತು.

"ಅರ್ಧ ಹೇಳಿದ್ದೆ. ಅಷ್ಟನ್ನೇ ನೀನು ಉಲ್ಟಾ ಮಾಡ್ಕೊಂಡೆ. ಇನ್ನರ್ಧ ಹೇಳಿದ್ರೆ ಏನು ಮಾಡ್ತಿದ್ಯೋ ಅಂತ ಸುಮ್ನಾದೆ ಕಣೋ."

ಇತಿಹಾಸದವನಾಗಿ ನಾನು ಇಲ್ಲಿಯೂ ಸಂಶಯ ಪಡಬೇಕು. ಅಕ್ಕನ ನೆನಪೂ ನೆನಪೇ, ಅದಕ್ಕೂ ವಯಸ್ಸಾಗಿದೆ. ದಾಕಿನವನು ಅಷ್ಟು ಸುಲಭವಾಗಿ ಮೋಸಹೋದನೇ? ಕೆಲವರಿಗೆ ಎರಡೂ ತೋಳಿಗೆ ಹಾಕುತ್ತಿದ್ದದ್ದೂ ಉಂಟಲ್ಲವೇ? ಇವೆಲ್ಲ ನ್ಯಾಯವಾದ ಪ್ರಶ್ನೆಗಳು. ಆದರೆ ನನ್ನ ಬರಿಯ ತೋಳನ್ನು ಎದುರಿಗೆ ಇಟ್ಟುಕೊಂಡು ಅವನ್ನು ಕೇಳುವ ಯೋಗ್ಯತೆ ನನಗೆ ಇರಲಿಲ್ಲ. ಆ ಬಾಟ್ಲಿಗಳ ಮೇಲಿನ ಕಾಗದದ ಕಚ್ಚುಗಳಂತೆ ಅವಳ ಎರಡು ತೋಳಿನಲ್ಲೂ ಗುರುತಿದ್ದವು, ನನ್ನಲ್ಲಿ ಬರೀ ಕೆಂಪು ನೀರು. ಇಷ್ಟು ದಿನ ಸಿಡುಬು ಬಾರದೆ ಬದುಕಿದ್ದೇನೆ. ಅದಕ್ಕೆ ಕಾರಣ ನನ್ನ ಶೌರ್ಯವಲ್ಲ. ಅಕ್ಕಪಕ್ಕದವರೆಲ್ಲ ತೋಳು ಚಾಚಿದ್ದರು, ಅಕ್ಕನಂತೂ ಎರಡು ಸಲ.

ಸಿಂಚನಾ ಎರಡನೆಯ ಕಾಗದವನ್ನೂ ಎಳೆದು ಮುಗಿಸಿದ್ದಳು. "ಇದಕ್ಕೆ ಯಾರ ಹೆಸರು ಬರೀಲಿ ಅಜ್ಜಿ?"

ಅಕ್ಕ ಸೆರಗು ಸರಿಮಾಡಿಕೊಂಡಳು. "ನಿಮ್ಮ ತಾತಂದೇ ಬರಿ. ಅದು ಅವನದೇ ಕಣೇ. ಅವನು ಚಿಕ್ಕೋನು ಅಂತ ನನ್ನತ್ರ ಇಟ್ಕೊಂಡಿದ್ದೆ."

ಈಗ ಆ ಕಾಗದ ಹಳೇ ಔಷಧಿ ಮನೆಯ ಗೋಡೆಯ ಮೇಲಿದೆ. ಗುರುತು ಅಕ್ಕನದು, ಹೆಸರು ನನ್ನದು. ಅಜ್ಜಂಪುರಕ್ಕೆ ಹೋದರೆ ನೋಡಿ, ಮರದ ಕೊಳವೆಗಳ ಎಡಕ್ಕಿದೆ. ರುದ್ರಪ್ಪನವರು ನನ್ನನ್ನು ಮುಂದಿನ ಸಲ ಎನಿಮಾದ ಮೇಲೆ ಮಾತಾಡಲು ಕರೆದಿದ್ದಾರೆ. ಇನ್ನೂ ಒಪ್ಪಿಲ್ಲ, ಯೋಚಿಸುತ್ತಿದ್ದೇನೆ.

ಮನೆಗೆ ಬಂದು ದಿನಚರಿ ತೆರೆದೆ. ನಕಲಿನಿಂದ ನಕಲಿಗೆ ಕಳೆದುಹೋಗಿದ್ದ ಎರಡು ಪದಗಳನ್ನು ಮೊದಲು ಬರೆದುಕೊಂಡು, ಮಿಕ್ಕಿದ್ದನ್ನು ಅವುಗಳ ಹಿಂದೆ ಸಾಲಾಗಿ ನಿಲ್ಲಿಸಿದೆ: "ಅಕ್ಕ ಹೇಳಿದಳು."